ಬುದ್ಧಿ ಹೇಳ್ತಾರೆ, ಅಷ್ಟೇ

ನಾನು ನಿಂತಿದ್ದುದು ಹಿರಿಯೂರು ತಾಲ್ಲೂಕಿನ ಐಮಂಗಲದಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಟ್ಟಿಯಲ್ಲಿ, ಹೆಂಚಿನ ಮನೆಯೊಂದರ ಮುಂದೆ, ಹೊಸ್ತಿಲಿನಿಂದ ಏಳು ಹೆಜ್ಜೆ ದೂರದಲ್ಲಿ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ಎಡಕ್ಕೆ ಜಗಲಿ. ಅದರ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಬಲಕ್ಕೆ ಎದೆಯೆತ್ತರದ ಕಲ್ಲುಗೋಡೆ, ಅದರಾಚೆ ಕುರಿಗಳನ್ನು ಕೂಡುವ ರೊಪ್ಪ. ರೊಪ್ಪದೊಳಗೆ ಯಾರಾದರೂ ಇದ್ದಾರೆಯೇ ಎಂದು ನಾನು ನೋಡಲಿಲ್ಲ. ಮೂರು ಹೆಜ್ಜೆ ಬಲಕ್ಕೆ ಸರಿದಿದ್ದರೆ ಕಾಣುತ್ತಿತ್ತು.

ಹೆಜ್ಜೆ, ಗಂಟೆ ಎಂದು ಇಷ್ಟು ನಿಖರವಾಗಿ ಬರೆಯುವುದಕ್ಕೆ ಕಾರಣವಿದೆ; ಮುಂದೆ ತಿಳಿಯುತ್ತದೆ. ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಈಗ ಸಮೀಕ್ಷೆಯ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಟ್ಯಾಬ್ ಹಿಡಿದು ನನ್ನ ಮನೆಯ ಮುಂದೆಯೇ ಓಡಾಡುತ್ತಾರೆ. ಅವರಲ್ಲಿ ಒಬ್ಬಿಬ್ಬರು, "ಸಾರ್, ನಿಮ್ ಕಾಲದಾಗೆ ಹೆಂಗಿತ್ತು?" ಎಂದು ಕೇಳಿದರು. ಅವರಿಗಾಗಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಬೇರೆ ಏನನ್ನೂ ಬದಲಿಸಿಲ್ಲ.

ಸೇವೆಯ ಬಹುಪಾಲು ನಾನು ಎಣಿಸಿದ್ದು, ಎಣಿಸಿದರೆ ಬೇಸರ ಮಾಡಿಕೊಳ್ಳದ ವಸ್ತುಗಳನ್ನು: ಕುರಿ, ಕೊಳವೆಬಾವಿ, ತೆಂಗಿನಮರ. ರಾಗಿ ಹೊಲದಲ್ಲಿ ಹಗ್ಗ ಹಿಡಿದು ಚೌಕ ಗುರುತಿಸಿ, ಅಷ್ಟು ಜಾಗದ ತೆನೆ ಕೊಯ್ಯಿಸಿ ತೂಗಿ, ಇಡೀ ಹೋಬಳಿಯ ಇಳುವರಿ ಹೇಳುತ್ತಿದ್ದೆ. ತೆನೆಗೆ ನಾಚಿಕೆಯಿಲ್ಲ, ತಕ್ಕಡಿಗೆ ಭಯವಿಲ್ಲ. ಅಂಥ ಕೆಲಸ ಮಾಡಿಕೊಂಡಿದ್ದವನನ್ನು ಒಂದು ದಿನ ಚಿತ್ರದುರ್ಗಕ್ಕೆ ಕರೆಸಿ, ಗಂಡಂದಿರು ಹೆಂಡತಿಯರನ್ನು ಹೊಡೆಯುವ ಬಗ್ಗೆ ಸರ್ಕಾರ ನಡೆಸುತ್ತಿದ್ದ ಅಧ್ಯಯನಕ್ಕೆ ಮೇಲ್ವಿಚಾರಕನೆಂದು ಹಾಕಿದರು. ಪಕ್ಕದ ಮೇಜಿನವನು, "ಏನಪ್ಪ, ತೆನೆ ಎಣಿಸಿದ್ದಾತು, ಇನ್ನ ಏಟು ಎಣಿಸಾಕೆ ಹೊಂಟ್ಯಾ?" ಎಂದ. ನಾನೂ ನಕ್ಕೆ. ನಕ್ಕಿದ್ದನ್ನೂ ಬರೆಯಬೇಕು; ಬರೆದಿದ್ದೇನೆ.

ಅಧ್ಯಯನದ ಹೊಣೆ ಹೊತ್ತಿದ್ದ ಅಧಿಕಾರಿಯನ್ನು ನಾವೆಲ್ಲ ಮೇಡಂ ಎಂದಷ್ಟೇ ಕರೆಯುತ್ತಿದ್ದೆವು. ಸಣ್ಣ ಆಳು, ದಪ್ಪ ಕನ್ನಡಕ. ಅವರ ಕೋಣೆಯ ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಅವರು ಮಾತ್ರ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. "ಅದನ್ನ ನೋಡ್ತಾ ಕೂತ್ರೆ ಫೈಲು ಮುಗಿಯಲ್ಲ" ಎನ್ನುತ್ತಿದ್ದರು. ತರಬೇತಿಯಲ್ಲಿ ಅವರು ನಮಗೆ ಹೇಳಿಕೊಟ್ಟ ನಿಯಮಗಳು ಕಡಿಮೆ, ಆದರೆ ಗಟ್ಟಿ. ಊರಿನಲ್ಲಿ ಇದು ಕುಟುಂಬದ ಆರೋಗ್ಯದ ಸಮೀಕ್ಷೆ ಎಂದಷ್ಟೇ ಹೇಳಬೇಕು. ಈ ಪ್ರಶ್ನೆಗಳನ್ನು ಹೆಂಗಸರೇ ಕೇಳಬೇಕು. ಒಂದು ಮನೆಯಲ್ಲಿ ಒಬ್ಬಳನ್ನೇ, ಒಂದೇ ಸಲ, ಒಬ್ಬಳೇ ಇದ್ದಾಗ ಕೇಳಬೇಕು. ನಡುವೆ ಯಾರಾದರೂ ಬಂದರೆ ಆ ಹಾಳೆ ಮಗುಚಿ, ಮಗುವಿಗೆ ಯಾವ ಲಸಿಕೆ ಹಾಕಿಸಿದ್ದೀರಿ ಎಂದು ಜೋರಾಗಿ ಕೇಳಲು ಶುರುಮಾಡಬೇಕು.

"ಇಷ್ಟೆಲ್ಲ ಯಾಕೆ ಮೇಡಂ?" ಎಂದು ಒಬ್ಬರು ಕೇಳಿದರು.

"ನಾವು ಬಂದು ಹೋದ್ಮೇಲೆ ಆಕೆಗೆ ಒಂದು ಏಟು ಜಾಸ್ತಿ ಬಿದ್ರೆ, ಆ ಏಟು ಹೊಡೆದೋರು ನಾವೇ. ಬರ್ಕಳ್ರಿ."

ನಾನು ಬರೆದುಕೊಂಡೆ. ಆ ಟಿಪ್ಪಣಿ ಪುಸ್ತಕ ಈಗಲೂ ನನ್ನ ಬಳಿ ಇದೆ.

ಪ್ರಶ್ನೆಗಳನ್ನು ಮೊದಲು ಪರೀಕ್ಷಿಸಿ ನೋಡಿದ್ದು ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಆಗಿನ್ನೂ ವಯಸ್ಸಿನ ಮಿತಿ ಹಾಕಿರಲಿಲ್ಲ, ಸಿಕ್ಕವರನ್ನು ಕೇಳಿದೆವು. ನಮ್ಮ ತಂಡದಲ್ಲಿ ಪ್ರಶ್ನೆ ಕೇಳುತ್ತಿದ್ದವರು ಹೊಳಲ್ಕೆರೆಯ ಪುಷ್ಪಾವತಿ. ಮೇಲಿನಿಂದ ಬಂದಿದ್ದ ಹಾಳೆಯಲ್ಲಿ, "ನಿಮ್ಮ ಪತಿಯಿಂದ ನಿಮ್ಮ ಮೇಲೆ ದೈಹಿಕ ಹಲ್ಲೆ ಆಗಿದೆಯೇ?" ಎಂದಿತ್ತು. ಅವರು ಇದ್ದಹಾಗೆಯೇ ಓದಿದರು. ಎದುರಿಗಿದ್ದ ಮುದುಕಿ ಕಿವಿ ಮುಂದೆ ಮಾಡಿ, "ಹಲ್ಲಾ? ಹಲ್ಲೆಲ್ಲೈತವ್ವ? ಎರಡು ಅವೆ ನೋಡು" ಎಂದು ಬಾಯಿ ತೆರೆದು ತೋರಿಸಿದರು. ಪುಷ್ಪಾವತಿ ನಗು ತಡೆಯಲಾರದೆ 'ಇಲ್ಲ' ಎಂದು ಗುರುತು ಹಾಕಿ, ಮಾತಿಗೆ ಮಾತೆಂದು, "ಮಿಕ್ಕಿದ್ದು ಎಲ್ಲಿಗೆ ಹೋದ್ವಜ್ಜಿ?" ಎಂದು ಕೇಳಿದರು.

"ಮುಂದಿನವೆರಡು ನಮ್ ಯಜಮಾನ ಉದುರಿಸಿದ್ದು. ಬಾಕಿಯವು ತಾವಾಗೇ ಹೋದ್ವು."

ಪುಷ್ಪಾವತಿ ಹಾಳೆಯನ್ನು ತಂದು ಮೇಡಂ ಮುಂದೆ ಇಟ್ಟರು. 'ಇಲ್ಲ' ಎಂಬ ಗುರುತು, ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಹಲ್ಲಿನ ವಿಷಯ. ಮೇಡಂ ಎರಡನ್ನೂ ಓದಿ, 'ಹಲ್ಲೆ' ಎಂಬ ಪದವನ್ನು ಹಾಳೆಯಿಂದಲೇ ಹೊಡೆದುಹಾಕಿದರು. "ನಿಮ್ಮ ಯಜಮಾನ್ರು ಯಾವತ್ತಾದ್ರೂ ನಿಮಗೆ ಹೊಡ್ದಿದ್ದಾರಾ?" ಎಂದು ಬದಲಿಸಿದರು. ಉತ್ತರ 'ಇಲ್ಲ' ಎಂದಾದರೆ ಆ ಭಾಗ ಅಲ್ಲಿಗೇ ಮುಗಿಯಿತು. 'ಹೌದು' ಎಂದರೆ ಮಾತ್ರ ಮುಂದಿನ ಪ್ರಶ್ನೆಗಳು. ಇದಕ್ಕಿಂತ ಸರಳ ಕನ್ನಡ ಇಲ್ಲ ಎಂದು ನಾವೆಲ್ಲ ಒಪ್ಪಿದೆವು. ಒಪ್ಪಿದವರಲ್ಲಿ ನಾನೂ ಇದ್ದೆ.

ಒಳಗೆ ಪುಷ್ಪಾವತಿ ಮಾತಾಡುವಷ್ಟು ಹೊತ್ತು ಹೊರಗೆ ಗಂಡನನ್ನು ಹಿಡಿದು ಕೂರಿಸುವುದು ನನ್ನ ಕೆಲಸವಾಗಿತ್ತು. ಈ ಕೆಲಸದ ಹೆಸರು ಯಾವ ಆದೇಶದಲ್ಲೂ ಇಲ್ಲ, ಆದರೆ ನಾನು ಇದರಲ್ಲಿ ಪಳಗಿದೆ. ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರಿಯೊಬ್ಬರು ಒಳ್ಳೆಯ ಅಡಿಕೆಯನ್ನು ಸದ್ದಿನಿಂದಲೇ ಗುರುತಿಸುವುದು ಹೇಗೆಂದು ನನ್ನ ಕಿವಿಯ ಬಳಿ ಅಡಿಕೆ ಅಲ್ಲಾಡಿಸಿ ಅಲ್ಲಾಡಿಸಿ ಕಲಿಸಿದರು. ನಿಜವಾಗಿಯೂ ಕಲಿತೆ. ಒಳಗೆ ಪುಷ್ಪಾವತಿ ಎಂದೂ ಪೆನ್ನು ಹಿಡಿದು ಎದುರಿಗೆ ಕೂರುತ್ತಿರಲಿಲ್ಲ. ಅವರೆ ಸುಲಿಯುವುದಿದ್ದರೆ ಜೊತೆಗೆ ಸುಲಿಯುತ್ತಿದ್ದರು, ಹೂ ಕಟ್ಟುತ್ತಿದ್ದರೆ ದಾರ ಹಿಡಿಯುತ್ತಿದ್ದರು. "ಕೈಗೆ ಕೆಲ್ಸ ಇದ್ರೆ ಬಾಯಿ ತಾನಾಗೇ ಬಿಚ್ಕಂತೈತೆ ಸಾರ್. ನೀವು ಎದುರಿಗೆ ಕುಂತು ಕಣ್ಣಾಗೆ ಕಣ್ಣಿಟ್ಟು ಕೇಳಿದ್ರೆ, ಕೋರ್ಟಿಗೆ ಬಂದಂಗಾಗ್ತೈತೆ ಅವ್ರಿಗೆ" ಎನ್ನುತ್ತಿದ್ದರು. ಎಷ್ಟೋ ಸಲ ಜೀಪು ಹತ್ತಿದ ಮೇಲೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಡ್ರೈವರ್ ನಜೀರ್ ಕೇಳದೆಯೇ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಅವರ ಕೈಗೆ ಚಹಾ ಕೊಟ್ಟು ದೂರ ಹೋಗಿ ನಿಲ್ಲುತ್ತಿದ್ದ. ಆ ಜೀಪಿನ ದಿನಗಳು ನನ್ನ ಸೇವೆಯಲ್ಲೇ ಒಳ್ಳೆಯ ದಿನಗಳು.

ಐಮಂಗಲದ ಕಡೆಯ ಆ ಮನೆಗೆ ನಾವು ಹೋದದ್ದು ಒಂದು ಸೋಮವಾರ. ಸೊಸೆಯನ್ನು ಇಲ್ಲಿ ಕೆಂಚಮ್ಮ ಎನ್ನುತ್ತೇನೆ, ಗಂಡನನ್ನು ಬೊಮ್ಮಲಿಂಗ, ಅತ್ತೆಯನ್ನು ಈರಜ್ಜಿ. ಬೊಮ್ಮಲಿಂಗ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಚಹಾ ತರಿಸಿ, ಕುರಿಗೆ ಬರುವ ಕಾಲುಬೇನೆಯ ಬಗ್ಗೆ ಒಂದು ಗಂಟೆ ಮಾತಾಡಿದ. ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯನ್ನು ಸವರುತ್ತಲೇ ಇದ್ದ. ನನಗೆ ಆ ಮನುಷ್ಯ ಇಷ್ಟವಾದ. ಇದನ್ನೂ ಬರೆಯಬೇಕು.

ಬುಧವಾರ ಸಂಜೆ ಫಾರಂಗಳನ್ನು ಪರಿಶೀಲಿಸುವಾಗ ಕೆಂಚಮ್ಮನ ಹಾಳೆಯಲ್ಲಿ 'ಇಲ್ಲ' ಎಂಬ ಗುರುತಿತ್ತು. ಪಕ್ಕದ ಅಂಚಿನಲ್ಲಿ ಪುಷ್ಪಾವತಿ ಆಕೆಯ ಮಾತನ್ನೇ ಬರೆದಿದ್ದರು: "ಹೊಡೆಯಲ್ಲ. ಬುದ್ಧಿ ಹೇಳ್ತಾರೆ, ಅಷ್ಟೇ." ಅಂಚಿನಲ್ಲಿ ಬರೆಯುವುದು ನನ್ನ ಲೆಕ್ಕದಲ್ಲಿ ತಪ್ಪು. ಉತ್ತರ ಹೌದು, ಇಲ್ಲವೇ ಇಲ್ಲ; ಮೂರನೆಯದಿಲ್ಲ. ಬುದ್ಧಿ ಹೇಳುವುದೆಂದರೆ ಮಾತಿನಲ್ಲಿ ಹೇಳುವುದು ತಾನೇ, ಹಾಗಿದ್ದರೆ ಇದನ್ನು ಯಾಕೆ ಬರೆದರು ಎಂದುಕೊಂಡೆ. ಗುರುವಾರ ಪುಷ್ಪಾವತಿ ತಂಗಿಯ ಸೀಮಂತಕ್ಕೆಂದು ರಜೆಯಲ್ಲಿದ್ದರು. ಫಾರಂ ಅಂದೇ ಮೇಡಂಗೆ ತಲುಪಬೇಕಿತ್ತು. ಒಂದು ಪ್ರಶ್ನೆ ತಾನೇ, ಬೊಮ್ಮಲಿಂಗ ಹೇಗೂ ಕುರಿ ಹೊಡೆದುಕೊಂಡು ಹೋಗಿರುತ್ತಾನೆ ಎಂದು ನಾನೇ ಹೊರಟೆ. ನಜೀರ್ ಜೀಪನ್ನು ಮನೆಯಿಂದ ಮೂವತ್ತು ಹೆಜ್ಜೆ ಆಚೆ ಬೇವಿನಮರದ ಕೆಳಗೆ ನಿಲ್ಲಿಸಿದ.

"ಅಮ್ಮಾ" ಎಂದು ಕರೆದೆ. ಕೆಂಚಮ್ಮ ಮುದ್ದೆಯ ಕೋಲು ಹಿಡಿದೇ ಹೊಸ್ತಿಲಿಗೆ ಬಂದರು. "ಬರ್ರಿ ಸಾರ್, ಕುಂತ್ಕಳ್ರಿ" ಎಂದರು.

"ಕೂರಲ್ಲಮ್ಮ, ಒಂದೇ ಪ್ರಶ್ನೆ. ಮೊನ್ನೆ ಪುಷ್ಪಾವತಿಯವರ ಹತ್ರ, ಯಜಮಾನ್ರು ಬುದ್ಧಿ ಹೇಳ್ತಾರೆ ಅಂದಿದ್ರಂತಲ್ಲ. ಹಾಗಂದ್ರೆ ಏನು? ಬರೀ ಮಾತಲ್ಲಿ ಹೇಳ್ತಾರೋ, ಇಲ್ಲಾ..."

ಹೊಲಗಳಲ್ಲಿ ಕೂಗಿ ಮಾತಾಡಿ ಬೆಳೆದ ಗಂಟಲು ನನ್ನದು. ಕೆಂಚಮ್ಮನ ಕಣ್ಣು ನನ್ನನ್ನು ದಾಟಿ ಬಲಗಡೆಯ ಗೋಡೆಗೆ ಹೋಯಿತು. ಗೋಡೆಯ ಮೇಲೆ ಬೊಮ್ಮಲಿಂಗನ ತಲೆ ಎದ್ದಿತು. ಕುಂಟುವ ಕುರಿಯೊಂದರ ಗೊರಸು ಕೆತ್ತಲು ಅವನು ಅಂದು ಹಿಂದೆ ಉಳಿದಿದ್ದ. ಕೈಯಲ್ಲಿ ಕೆತ್ತುವ ಚಾಕು ಇತ್ತು.

"ಏನ್ ಸಾರ್ ಅದು?" ಎಂದ. ದನಿ ಏರಿಸಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಏನ್ ಹೇಳ್ದೆ ಲೇ ಇವರ್ಗೆ?" ಎಂದ.

ಲಸಿಕೆಯ ಪ್ರಶ್ನೆಗಳು ನನಗೆ ಬಾಯಿಪಾಠ. ಹೊಸಬರಿಗೆ ನಾನೇ ಕಲಿಸುತ್ತಿದ್ದೆ. ಒಂದು ಅಕ್ಷರವೂ ಬರಲಿಲ್ಲ. ಕೆಂಚಮ್ಮನ ಕೈಯ ಕೋಲಿನಿಂದ ಹಿಟ್ಟು ಹೊಸ್ತಿಲಿನ ಮೇಲೆ ತೊಟ್ಟಿಕ್ಕಿತು. ಅವರು ನನ್ನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನೀವೂನಾ ಎಂದು ಕೇಳುವ ಹಾಗಿತ್ತು.

ಜಗಲಿಯ ಮೇಲೆ ಮೊರದ ಸದ್ದು ನಿಂತಿತು.

"ನಾನ್ ಹೇಳಿದ್ದು ಕಣ್ಲಾ" ಎಂದರು ಈರಜ್ಜಿ.

"ನೀನಾ?"

"ಹೂಂ, ನಾನೇ. ನಿಮ್ಮಪ್ಪ ನನಗೆ ಬುದ್ಧಿ ಹೇಳ್ತಿದ್ದ ಅಂತ ಹೇಳ್ದೆ. ಯಾಕೆ, ಹೇಳಬಾರ್ದಾ? ಸತ್ತೋನು ಎದ್ದು ಬರ್ತಾನಾ?" ಅಜ್ಜಿ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ನನ್ನ ಕಡೆ ಚಾಚಿದರು. ಮೊಣಕೈಯ ಕೆಳಗೆ ಮೂಳೆ ಉಬ್ಬಿ, ಕೈ ಹೊರಕ್ಕೆ ಬಾಗಿ ಕೂಡಿಕೊಂಡಿತ್ತು. "ನೋಡ್ರಿ ಸಾಮಿ, ಇದೊಂದು ಬುದ್ಧಿ. ಸಾರಿಗೆ ಉಪ್ಪು ಜಾಸ್ತಿ ಆಗಿತ್ತಂತೆ. ಬರ್ಕಳ್ರಿ." ಮತ್ತೆ ಮಗನ ಕಡೆ ತಿರುಗಿದರು. "ನಿನಗವಾಗ ಐದು ವರ್ಸ. ಅದೇ ರೊಪ್ಪದಾಗೆ ಮರಿ ತಬ್ಕಂಡು ಕುಂತಿದ್ದೆ. ಮರ್ತೋತಾ?"

ಬೊಮ್ಮಲಿಂಗ ತಾಯಿಯ ಕೈಯನ್ನು ನೋಡಿದ. ಎಷ್ಟು ಹೊತ್ತು ಎಂದು ಹೇಳಲಾರೆ. ಅದೊಂದನ್ನು ನಾನು ಅಳೆಯಲಿಲ್ಲ. ತಲೆ ಗೋಡೆಯ ಕೆಳಗೆ ಇಳಿಯಿತು. ಮತ್ತೆ ಗೊರಸು ಕೆತ್ತುವ ಸದ್ದು ಕೇಳಿಸಲು ಬಹಳ ತಡವಾಯಿತು.

"ಹೋಗ್ರಿ ಸಾಮಿ, ಬಿಸ್ಲೇರ್ತೈತೆ" ಎಂದು ಅಜ್ಜಿ ಮೊರವನ್ನು ಎತ್ತಿಕೊಂಡರು.

ಜೀಪಿನಲ್ಲಿ ನಜೀರ್ ಹೆದ್ದಾರಿ ಸೇರಿದ ಮೇಲೆ, "ಏನ್ ಕೇಳ್ಬಿಟ್ರಿ ಸಾರ್. ಆಯಮ್ಮನ ಮುಖ ನೋಡಿದ್ರಾ?" ಎಂದ. ನೋಡಿದೆ ಎಂದೆ.

ಅಂದೇ ಮಧ್ಯಾಹ್ನ ಕ್ಷಮಾಪಣೆಯ ಪತ್ರ ಬರೆದು ಮೇಡಂ ಮುಂದೆ ಇಟ್ಟೆ. ಅವರು ಬೈಯಲಿಲ್ಲ. ಮೊದಲು ಪುಷ್ಪಾವತಿಗೆ ಫೋನು ಮಾಡಿ, ಮರುದಿನ ಬೆಳಿಗ್ಗೆಯೇ ಆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಲಸಿಕೆಯ ನೆಪದಲ್ಲಿ ಆ ಮನೆಗೆ ಹೋಗಿ ಬರಬೇಕೆಂದು ಹೇಳಿದರು. ಆಮೇಲೆ ನನ್ನ ಪತ್ರವನ್ನು ಓದಿದರು.

"ಇದ್ರಲ್ಲಿ ವಿಷಾದ ಅಂತ ನಾಲ್ಕು ಸಲ ಇದೆ. ಎಲ್ಲಿ ನಿಂತಿದ್ರಿ ಅಂತ ಒಂದು ಸಲನೂ ಇಲ್ಲ. ಹೊಸ್ತಿಲಿಂದ ಎಷ್ಟು ಹೆಜ್ಜೆ? ಗೋಡೆ ಎಷ್ಟೆತ್ತರ? ಎಷ್ಟು ಜೋರಾಗಿ ಕೇಳಿದ್ರಿ? ಅದನ್ನ ಬರ್ಕೊಡ್ರಿ. ಮುಂದೆ ಬರೋರಿಗೆ ನಿಮ್ಮ ವಿಷಾದ ಬೇಡ ರೀ, ಹೆಜ್ಜೆ ಬೇಕು."

ಬರೆದುಕೊಟ್ಟೆ. ಆ ಒಂದು ಪುಟವನ್ನು ಮುಂದೆ ಪ್ರತಿ ತರಬೇತಿಯಲ್ಲೂ ಹೆಸರಿಲ್ಲದೆ ಓದುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಒಂದು ಸಲ ಪಕ್ಕದ ಹುಡುಗಿ, "ಯಾವನ್ ಸಾರ್ ಇವ್ನು, ಇಷ್ಟು ದಡ್ಡ?" ಎಂದಳು. ನನ್ನ ಕಾಲದವನೇ ಒಬ್ಬ ಎಂದೆ.

ಆ ಪ್ರಶ್ನೆಯೂ ಬದಲಾಯಿತು. ಹೊಡೆದಿದ್ದಾರಾ ಎಂದು ಕೇಳುವುದನ್ನೇ ಮೇಡಂ ನಿಲ್ಲಿಸಿದರು. ಕೆನ್ನೆಗೆ ಕೊಟ್ಟಿದ್ದಾರಾ, ಜಡೆ ಹಿಡಿದು ಎಳೆದಿದ್ದಾರಾ, ತಳ್ಳಿದ್ದಾರಾ, ಕೈ ತಿರುಚಿದ್ದಾರಾ ಎಂದು ಒಂದೊಂದನ್ನೂ ಎಲ್ಲರಿಗೂ ಬಿಡಿಬಿಡಿಯಾಗಿ ಕೇಳಬೇಕು. ಹೆಸರು ನಾವು ಇಡಬಾರದು. ಒಬ್ಬರಿಗೆ ಅದು ಹೊಡೆತ, ಇನ್ನೊಬ್ಬರಿಗೆ ಬುದ್ಧಿ. ಇಂದು ನಿಮ್ಮ ಟ್ಯಾಬಿನಲ್ಲಿ ಪ್ರಶ್ನೆಗಳು ಹೀಗೆ ಒಂದರ ಹಿಂದೊಂದು ಬರುವಾಗ ಬೇಸರವಾಗಿ ಬೇಗ ಬೇಗ ಒತ್ತಬೇಡಿ.

ಆ ವಾರದ ಭಾನುವಾರ ಹೊಳಲ್ಕೆರೆಗೆ, ನನ್ನ ಅಕ್ಕನ ಮನೆಗೆ ಹೋದೆ. ನಾವು ಹುಟ್ಟಿ ಬೆಳೆದದ್ದು ಅಲ್ಲೇ. "ಅಕ್ಕಾ, ಅಪ್ಪ ಅಮ್ಮಂಗೆ ಬುದ್ಧಿ ಹೇಳ್ತಿದ್ರಾ?" ಎಂದು ಕೇಳಿದೆ. ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಿಂಗೆಲ್ಲಿ ಗೊತ್ತಾಗ್ಬೇಕು? ಅಪ್ಪನ ದನಿ ಏರಿದ ಕೂಡ್ಲೇ ನೀನು ಲಗೋರಿ ಆಡಾಕೆ ಬೀದಿಗೆ ಓಡ್ತಿದ್ದೆ. ಪ್ರತಿ ಸಲ."

ಬುದ್ಧಿ ಎಂಬ ಆ ಪದ ನನಗೆ ಗೊತ್ತಿಲ್ಲದ ಪದವಾಗಿರಲಿಲ್ಲ. ನಾನು ಹೊರಗೆ ನಿಂತು ಕಲಿತಿದ್ದ ಪದ, ಅಷ್ಟೇ.

ಪುಷ್ಪಾವತಿ ಶುಕ್ರವಾರ ಹೋಗಿ ಬಂದಿದ್ದರು, ಮುಂದಿನ ವಾರ ಮತ್ತೆ ಹೋದರು. ಮೂರನೆಯ ಸಲ ಬಂದಾಗ ಮುಖದಲ್ಲಿ ಸ್ವಲ್ಪ ಗೆಲುವಿತ್ತು. "ಅಜ್ಜಿ ತನ್ನ ಕಂಬಳಿ ತಂದು ಸೊಸೆ ಮಲಗೋ ಕೋಣೆ ಹೊಸ್ತಿಲಿಗೆ ಅಡ್ಡ ಹಾಸ್ಕಂಡೈತೆ ಸಾರ್. 'ನನಗೆ ಸೆಖೆ, ಇಲ್ಲೇ ಗಾಳಿ ಬರ್ತೈತೆ' ಅಂತೈತೆ. ಮಗ ಒಳಗೆ ಕೈ ಎತ್ತಬೇಕಂದ್ರೆ ತಾಯಿನ ದಾಟಿ ಹೋಗ್ಬೇಕು" ಎಂದು ನಕ್ಕರು. ನಮ್ಮ ನಿಯಮಗಳ ಪ್ರಕಾರ ಅತ್ತೆ ಎಂದರೆ ದೂರವಿಡಬೇಕಾದವರು. ಆ ನಿಯಮ ಬಹಳ ಮನೆಗಳಲ್ಲಿ ಸರಿಯೂ ಹೌದು. ಈ ಮನೆಯಲ್ಲಿ ಮಾತ್ರ ಅಲ್ಲ.

ಏಳೆಂಟು ತಿಂಗಳ ಮೇಲೆ, ಅಧ್ಯಯನ ಮುಗಿಯುತ್ತಾ ಬಂದಾಗ, ಪುಷ್ಪಾವತಿಯನ್ನು ಹಿರಿಯೂರಿನಲ್ಲಿ ಹೆಂಗಸರ ದೂರು ಬರೆದುಕೊಳ್ಳುವ ಕಚೇರಿಗೆ ಹಾಕಿದ್ದರು. ಹಳೆಯ ಫಾರಂಗಳಿಗೆ ಅವರ ಸಹಿ ಹಾಕಿಸಲು ನಾನು ಅಲ್ಲಿಗೆ ಹೋಗಿದ್ದೆ. ಬಾಗಿಲಲ್ಲಿ ಈರಜ್ಜಿ ನಿಂತಿದ್ದರು. ಹಿಂದೆ ಕೆಂಚಮ್ಮ, ಕೆಳತುಟಿ ಒಡೆದು ಊದಿತ್ತು.

"ಅವತ್ತಿಂದ ಏಳು ತಿಂಗ್ಳು ಸುಮ್ಕಿದ್ದ ಸಾಮಿ" ಎಂದರು ಅಜ್ಜಿ. "ಮೊನ್ನೆ ನಾನು ಮಗಳ ಊರಿಗೆ ಹೋಗಿದ್ದೆ, ಕೈ ಮಾಡ್ಯಾನೆ. ಇನ್ನ ನನ್ ಕಂಬಳಿ ಸಾಲದು. ಸರ್ಕಾರದ ಕಾಗದ ಬೇಕು."

ಕೆಂಚಮ್ಮ ಮುಂದೆ ಬಂದು, "ಅವತ್ತು ಕೇಳಿದ್ರಲ್ಲ ಸಾರ್, ಬುದ್ಧಿ ಹೇಳೋದು ಅಂದ್ರೆ ಏನು ಅಂತ. ಈಗ ಹೇಳ್ತೀನಿ, ಕೇಳ್ರಿ" ಎಂದರು.

"ನನಗಲ್ಲಮ್ಮ" ಎಂದೆ. ಪುಷ್ಪಾವತಿಯನ್ನು ಕರೆದೆ. ಒಳಕೋಣೆಯಲ್ಲಿ ಅವರನ್ನೂ ಕೆಂಚಮ್ಮನನ್ನೂ ಕೂರಿಸಿ, ಕಿಟಕಿಯಾಚೆ ಯಾರೂ ಇಲ್ಲವೆಂದು ಸುತ್ತು ಹಾಕಿ ನೋಡಿ, ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ. ಏಳು ಹೆಜ್ಜೆ ಸಾಲದು ಎನಿಸಿ ಅಂಗಳಕ್ಕೇ ಇಳಿದೆ.

ಅಜ್ಜಿಯೂ ಬಂದು ಕಟ್ಟೆಯ ಮೇಲೆ ಕೂತರು. "ನಿಮ್ ಪಟ್ಟೀಲಿ ನನ್ನ ಹೆಸ್ರು ಇಲ್ವಂತೆ?"

"ನಿಮ್ಮ ವಯಸ್ಸಿನೋರನ್ನ ಸೇರಿಸಿಲ್ಲ ಅಜ್ಜಿ."

"ಏಟಿಗೂ ವಯಸ್ಸೈತಾ ಸಾಮಿ?"

ಈ ಮಾತನ್ನು ನಾನು ಒಂದು ಫಾರಂನ ಅಂಚಿನಲ್ಲಿ ಬರೆದು ಮೇಡಂಗೆ ಕಳಿಸಿದೆ. ಮುಂದಿನ ಸುತ್ತಿನ ಕರಡಿನಲ್ಲಿ ಅವರು ವಯಸ್ಸಿನ ಗರಿಷ್ಠ ಮಿತಿಯನ್ನು ಅಳಿಸಿದ್ದರು.

ಒಳಕೋಣೆಯ ಬಾಗಿಲು ತೆರೆಯಲು ಒಂದೂಮುಕ್ಕಾಲು ಗಂಟೆಯಾಯಿತು. ಕೆಲವು ವಾರಗಳಲ್ಲಿ ನ್ಯಾಯಾಲಯದ ಆದೇಶ ಬಂತು: ಕೈ ಎತ್ತಬಾರದು, ಮನೆಯಿಂದ ಹೊರಹಾಕಬಾರದು. ಕೆಂಚಮ್ಮ ಅದೇ ಮನೆಯಲ್ಲಿ ಉಳಿದರು. ಅವರು ಕೇಳಿದ್ದೂ ಅಷ್ಟೇ. ಆದೇಶದ ಒಂದು ಪ್ರತಿಯನ್ನು ಅಜ್ಜಿ ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದರಂತೆ. ಆಮೇಲೆ ಹೊಡೆತ ಪೂರ್ತಿ ನಿಂತಿತೇ ಎಂದು ನೀವು ಕೇಳುತ್ತೀರಿ. ನಾನು ಕೇಳಿಲ್ಲ. ಪುಷ್ಪಾವತಿ ಹೋದಾಗಲೆಲ್ಲ ಕೇಳಿದ್ದಾರೆ. ಏನು ಉತ್ತರ ಬಂತೆಂದು ಅವರು ನನಗೆ ಹೇಳಿಲ್ಲ, ಹೇಳಬಾರದು ಎಂಬುದೇ ನಿಯಮ. ಇಷ್ಟು ವರ್ಷವಾದರೂ ಅವರು ಅದನ್ನು ಮುರಿದಿಲ್ಲ ಎಂಬುದು ನನಗೆ ಹೆಮ್ಮೆ.

ಆ ಗುರುವಾರ ಹನ್ನೊಂದು ಹತ್ತಕ್ಕೆ ಅಲ್ಲಿದ್ದವರು ಐದು ಜನ. ನಾನು ಒಬ್ಬ. ನಜೀರ್ ಇದ್ದಾನೆ, ಚಿತ್ರದುರ್ಗದಲ್ಲಿ ಮೊಮ್ಮಕ್ಕಳನ್ನು ಆಟೋದಲ್ಲಿ ಶಾಲೆಗೆ ಬಿಡುತ್ತಾನೆ. ಜೀಪು ಮೂವತ್ತಲ್ಲ, ಇಪ್ಪತ್ತೆಂಟು ಹೆಜ್ಜೆ ದೂರದಲ್ಲಿತ್ತು ಎಂದು ಅವನ ವಾದ. ಬೇಕಾದರೆ ಅವನನ್ನು ಕೇಳಬಹುದು. ಈರಜ್ಜಿ ತೀರಿಕೊಂಡರು. ಬೊಮ್ಮಲಿಂಗ ಇದ್ದಾನೆ, ತಲೆ ಪೂರ್ತಿ ಬೆಳ್ಳಗಾಗಿದೆ. ಹೋದ ತಿಂಗಳು ಐಮಂಗಲದ ಬಸ್ ನಿಲ್ದಾಣದಲ್ಲಿ ನಾನು ನಿಂತಿದ್ದಾಗ, ಸಂತೆ ಚೀಲ ಹಿಡಿದ ಹೆಂಗಸೊಬ್ಬರು ದೂರದಿಂದಲೇ ಗುರುತಿಸಿದರು. ಅಭ್ಯಾಸದಂತೆ ನಾನು ಹತ್ತಿರ ಹೋಗದೆ ಅಲ್ಲೇ ಕೈ ಮುಗಿದೆ.

"ಅಷ್ಟು ದೂರ ಯಾಕೆ ನಿಂತಿದ್ದೀರಿ ಸಾರ್? ಬರ್ರಿ, ಇಲ್ಲಿ ನೆಳ್ಳೈತೆ" ಎಂದರು.

ಕೆಂಚಮ್ಮ ಇದ್ದಾರೆ.